ಒಂದು ಹನಿ ನೀರಿಗೆ ತಲೆಬಾಗಿದವರು

ಒಂದು ಕಾಲಕ್ಕೆ ನನಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಆಗ ನನ್ನ ವಯಸ್ಸು ಇಪ್ಪತ್ತಾರು. ನಿಜಾಮರ ಆಳ್ವಿಕೆಯಲ್ಲಿ, ಕಲಬುರ್ಗಿ ಕೋಟೆಯ ಹತ್ತಿರದ ಸಾಲೆಯೊಂದರಲ್ಲಿ ಉರ್ದುವಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಹೆಂಡತಿ ಗೌರವ್ವ ಲಿಂಗಪೂಜೆಗೆ ಕೂತರೆ, "ವಿಜ್ಞಾನ ಒಂದು ಬಾಗಿಲಿಂದ ಒಳಗ ಬಂದ್ರ ದೇವರು ಇನ್ನೊಂದು ಬಾಗಿಲಿಂದ ಹೊರಗ ಹೋಗ್ತಾನ" ಎಂದು ಉಪದೇಶ ಮಾಡುತ್ತಿದ್ದೆ. ಅವಳು ಕಣ್ಣು ತೆರೆಯದೆ, "ನಮ್ಮ ಮನಿಗಿ ಇರೋದು ಒಂದ ಬಾಗಿಲರಿ" ಎನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ತವರಾದ ಕಮಲಾಪುರಕ್ಕೆ ಹೋದವಳ ಕಾಲಿನಲ್ಲಿ ನಾರುಹುಣ್ಣು ಎದ್ದಿತು. ಹುಣ್ಣಿನಿಂದ ಬಿಳಿ ದಾರದಂಥ ಹುಳು ಇಣುಕುತ್ತಿದೆ, ಜ್ವರ ಬಿಟ್ಟಿಲ್ಲ ಎಂದು ಸುದ್ದಿ ಬಂತು. ಚಕ್ಕಡಿ ಮಾಡಿಕೊಂಡು ಓಡಿದೆ. ಅಲ್ಲಿನ ದವಾಖಾನೆಯಲ್ಲಿ ಔಷಧ ಕೊಡುತ್ತಿದ್ದವರು ಡಾಕ್ಟರ್ ಮಾರ್ತಮ್ಮ, ಬೀದರ ಕಡೆಯ ಕ್ರೈಸ್ತ ಹೆಣ್ಣುಮಗಳು. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟೇ ಎಳೆಯುತ್ತಿದ್ದರು.

"ಒಮ್ಮಿಗೇ ಎಳದು ಬಿಡ್ರಿ" ಎಂದೆ. ವಿಜ್ಞಾನದ ಮಾಸ್ತರನಲ್ಲವೇ!

"ಒಳಗ ಹರದ್ರ ಕಾಲು ಕೊಳೀತದರಿ. ಜೀವಕ್ಕೂ ಕುತ್ತು."

ಹನ್ನೆರಡು ದಿನ ಆ ಕಡ್ಡಿಯನ್ನೇ ನೋಡುತ್ತ ಕೂತೆ. ಕೊನೆಗೆ ಹುಳು ಪೂರ್ತಿ ಹೊರಬಂದು ಜ್ವರ ಇಳಿಯಿತು.

ಮರುದಿನ ಬೆಳಿಗ್ಗೆ ಮಾರ್ತಮ್ಮ, ಹುಳು ಎಲ್ಲಿಂದ ಬಂತೆಂದು ತೋರಿಸಲು, ಊರ ಮೆಟ್ಟಿಲುಬಾವಿಯ ನೀರು ತರಿಸಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ನಾನು ಸಾಲೆಯಲ್ಲಿ 'ಖುರ್ದಬೀನ್' ಎಂದು ಅದರ ಪಾಠ ಮಾಡುತ್ತಿದ್ದೆನೇ ಹೊರತು ಎಂದೂ ಕಣ್ಣಿಟ್ಟು ನೋಡಿದವನಲ್ಲ. ಅವರು ನೋಡುವ ಮೊದಲು ಕಣ್ಣು ಮುಚ್ಚಿ ತಲೆಬಾಗಿದರು. ನನಗೆ ತಡೆಯಲಾಗಲಿಲ್ಲ.

"ಡಾಕ್ಟರಮ್ಮಾ, ಇಷ್ಟು ಓದೀರಿ, ಮ್ಯಾಲ ಪ್ರಾರ್ಥನಾನೂ ಮಾಡ್ತೀರಿ?"

ರೋಗಿಗಳು ಕೊಟ್ಟಿದ್ದ ಕೆಂಪು ಬಾಳೆಗೊನೆಯನ್ನು ಪಕ್ಕಕ್ಕೆ ಸರಿಸಿ ಅವರು ಕೂತರು. "ಮಾಸ್ತರ್, ಭೂಮಿ ಎಲ್ಲಾನೂ ತನ್ನ ಕಡಿ ಎಳೀತದ ಅಂತ ಲೆಕ್ಕ ಹಾಕಿ ತೋರಿಸಿದವರು ಬೈಬಲ್ ಬಗ್ಗೆ ರಾಶಿ ರಾಶಿ ಬರದಾರ. ಗ್ರಹಗಳ ದಾರಿ ಕಂಡು ಹಿಡದವರು ಗಣಿತ ಬರಿಯೋದು ನಡುವ ನಿಲ್ಲಿಸಿ ದೇವರ ಸ್ತುತಿ ಮಾಡ್ಯಾರ. ಚುಂಬಕ ಆಡಿಸಿ ತಂತಿಯೊಳಗ ವಿದ್ಯುತ್ತು ಹುಟ್ಟಿಸಿದವರು ಐತವಾರ ಸಣ್ಣ ಚರ್ಚಿನಾಗ ಉಪದೇಶ ಮಾಡ್ತಿದ್ರು. ಬಟಾಣಿ ಬೆಳಸಿ, ತಂದಿ-ತಾಯಿ ಗುಣ ಮಕ್ಕಳಿಗಿ ಹ್ಯಾಂಗ ಬರ್ತದ ಅಂತ ತಿಳಿಸಿದವರಂತೂ ಮಠದ ಸನ್ಯಾಸಿ."

ಮೊದಲ ಮೂವರ ಹೆಸರನ್ನು ವರ್ಷವರ್ಷವೂ ಹಲಗೆಯ ಮೇಲೆ ಬರೆದವನು ನಾನೇ. ಅವರಿಗೂ ಪ್ರಾರ್ಥನೆಗೆ ಊರಲು ಮೊಣಕಾಲುಗಳಿದ್ದವು ಎಂದು ಹೊಳೆದಿರಲಿಲ್ಲ. ಬಟಾಣಿಯವರ ಸುದ್ದಿಯಂತೂ ಪೂರಾ ಹೊಸದು.

"ಹಂಗಾದ್ರ ನಾನೂ ಕ್ರೈಸ್ತ ಆಗಬೇಕೇನ್ರಿ?"

ಅವರು ನಕ್ಕರು. "ನಾ ಅದನ್ನ ಹೇಳಲಿಲ್ಲರಿ. ಅವರು ಇದೆಲ್ಲಾ ದೇವರು ಮಾಡಿದ್ದು ಅಂತ ನಂಬಿದ್ರು, ಅದಕ್ಕ ಇನ್ನಾ ಹತ್ತರ ಹೋಗಿ ನೋಡಿದ್ರು. ನೀವೂ ನೋಡ್ರಿ."

ನೋಡಿದೆ. ಗಾಜಿನಂಥ ಮೈಯ, ಒಂಟಿಗಣ್ಣಿನ ಜೀವಿಯೊಂದು ಜಿಗಿಯುತ್ತಿತ್ತು. ಅದರ ಒಡಲೊಳಗೆ ಸುರುಳಿ ಸುತ್ತಿಕೊಂಡು ಮಿಸುಕುತ್ತಿತ್ತು ಎಳೆಯ ನಾರುಹುಳು. ಹೋದ ಬೇಸಿಗೆಯಲ್ಲಿ ಈ ನೀರು ಕುಡಿದಿದ್ದ ನನ್ನ ಗೌರವ್ವನನ್ನು ಹಾಸಿಗೆ ಹಿಡಿಸಿದ ರಾಕ್ಷಸ ಇಷ್ಟೇ! ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿದರೆ ತಡೆಯಬಹುದಂತೆ. ಸಿಟ್ಟು ಬರಬೇಕಿತ್ತು, ಬಂದದ್ದು ಬೆರಗು. ನನ್ನ ತಲೆಯೂ ಬಾಗಿತ್ತು. ಬಾಗದೆ ಆ ಯಂತ್ರದಲ್ಲಿ ನೋಡಲಾಗುವುದಿಲ್ಲ, ಅದು ನಿಜ. ಆದರೆ ಕಣ್ಣು ತೆಗೆದ ಮೇಲೂ ತಲೆ ಎತ್ತಬೇಕೆನ್ನಿಸಲಿಲ್ಲ.

ಅಷ್ಟರಲ್ಲಿ ಕುಂಟುತ್ತ ಬಂದ ಗೌರವ್ವ, "ಸರೀರಿ, ನನ್ನ ಪಾಳಿ" ಎಂದು ನನ್ನನ್ನು ಮೆಲ್ಲಗೆ ತಳ್ಳಿದಳು. ಬಗ್ಗಿ ಬಹಳ ಹೊತ್ತು ನೋಡಿದಳು.

"ಇಷ್ಟು ಸಣ್ಣದನ್ನ ಮಾಡಬೇಕಂದ್ರ," ಎಂದಳು, "ಆ ದೇವರಿಗಿ ಎಷ್ಟು ಪುರಸೊತ್ತು ಇರಬೇಕರಿ!"