ತಣಿಯುವ ಮುನ್ನ ತೆರೆಯದ ಬಾಗಿಲು

ಬೆಳಕು ಹರಿಯುವ ಹೊತ್ತು. ಗಾಜಿನ ಕಾರ್ಖಾನೆಯ ಹಿಂಬದಿಯ ಶೆಡ್ಡಿನಲ್ಲಿ ಊದಕ್ಕ ತಣಿಸುವ ಗೂಡಿನ ಕಬ್ಬಿಣದ ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದಾರೆ. ಒಳಗಿರುವುದು ನಿನ್ನೆ ಶಾಲೆಯ ಮಕ್ಕಳು ಊದಿದ ಲೋಟಗಳು. ಅವನ್ನು ಒಯ್ಯಲು ಬಂದ ಟೀಚರ್ ಹಿಂದೆ ಚಡಪಡಿಸುತ್ತಿದ್ದಾರೆ.

“ಇನ್ನೂ ಎಷ್ಟು ಹೊತ್ತಕ್ಕಾ?”

“ಜ್ವರ ಬಂದೋರ ಹಣೆ ಥರ ಇದೆ ಟೀಚರ್. ಇಳೀಲಿ.”

ಬಿಸಿ ಗಾಜು ಥಟ್ಟನೆ ತಣಿದರೆ ಬಿರುಕು ಬಿಡುತ್ತದೆ. ಕೆಲವೊಮ್ಮೆ ಆ ಗಳಿಗೆಯಲ್ಲಿ ಏನೂ ಕಾಣದು, ಆಮೇಲೆ ಕೈಯಲ್ಲೇ ಸಿಡಿಯುತ್ತದೆ. ಅದಕ್ಕೇ ರಾತ್ರಿಯಿಡೀ ಗೂಡಿನಲ್ಲಿ ಮೆಲ್ಲಗೆ ತಣಿಸುವುದು. ಹೋದ ವರ್ಷ ಊದಕ್ಕ ರಜೆಯಲ್ಲಿದ್ದಾಗ, ಮಕ್ಕಳ ಸಪ್ಪೆ ಮುಖ ನೋಡಲಾರದೆ ಮಾಲೀಕರು ಸಂಜೆಗೇ ಗೂಡು ತೆರೆದು ಲೋಟ ಹಂಚಿದ್ದರು. ಬಸ್ಸಿನಲ್ಲಿ ಒಂದು ಸಿಡಿದು ಹುಡುಗಿಯೊಬ್ಬಳ ಬೆರಳು ಕೊಯ್ಯಿತು. ಶಾಲೆ ಮುನಿಸಿಕೊಂಡಿತು. ಈಗ ಹೆಡ್‌ಮಾಸ್ಟರು ಮನಸ್ಸು ಮಾಡಿ ಇನ್ನೊಂದು ತಂಡ ಕಳಿಸಿದ್ದಾರೆ. ಇದೂ ಕೆಟ್ಟರೆ ಮಕ್ಕಳಿಗೆ ಗಾಜು ಊದಲು ಕಲಿಸುವ ಕುಲುಮೆಯನ್ನೇ ನಂದಿಸಿಬಿಡುವುದು ಎಂದು ಮಾಲೀಕರು ಹೇಳಿಬಿಟ್ಟಿದ್ದಾರೆ.

ಊದಕ್ಕ ಎಂಬುದು ಮಕ್ಕಳಿಟ್ಟ ಹೆಸರು. ಕೊಳವೆಯಿಂದ ಗಾಜು ಊದಲು ಊದಕ್ಕನಿಗೆ ಕಲಿಸಿದ್ದು ಮಾವ, ಗಂಡನ ಅಪ್ಪ. ಹೆಂಗಸಿಗೆ ಉಸಿರು ಸಾಲುತ್ತದೆಯೇ ಎಂದು ಕೊಂಕಾಡಿದವರಿಗೆ ಮಾವ, “ಅವಳೇನು ಕಹಳೆ ಊದ್ತಾಳಾ? ಸುಮ್ನಿರಿ” ಎಂದಿದ್ದರಂತೆ. ಗಂಡನಿಗೆ ಕುಲುಮೆ ಒಗ್ಗಲಿಲ್ಲ. “ಕಾವು ತಡ್ಯಕ್ಕಾಗಲ್ಲ ಅಂತ ಹೋಗಿ ಬೇಕರಿ ಒಲೆ ಮುಂದೆ ನಿಂತ್ರು, ಬುದ್ಧಿವಂತ್ರು!” ಎಂದು ನಗುವ ಊದಕ್ಕನ ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳು.

ಮಕ್ಕಳ ಕೈಗೆ ಮೊದಲು ಸಿಗುವುದು ಜೇನಿನಲ್ಲಿ ಅದ್ದಿದ ಕಡ್ಡಿ. ಹನಿ ಬೀಳದಂತೆ ಅದನ್ನು ತಿರುಗಿಸುತ್ತಲೇ ಇರಬೇಕು. ಕರಗಿದ ಗಾಜೂ ಹೀಗೇ ಜೋಲುತ್ತದೆ.

“ಅಕ್ಕಾ, ಇವ್ನು ನೆಕ್ಕಿಬಿಟ್ಟ!”

“ಇನ್ನೊಂದ್ಸಲ ಅದ್ದೋ ಮರಿ. ಕಣ್ಣು ಕಡ್ಡಿ ಮೇಲಿರ್ಲಿ, ನಾಲಿಗೆ ಬಾಯೊಳಗಿರ್ಲಿ.”

ಆಮೇಲೆ ಕುಲುಮೆಯ ಮುಂದೆ ಊದಕ್ಕ ಕೊಳವೆಗೆ ಆಸರೆ ಕೊಡುತ್ತಾರೆ, ಮಗು ಊದುತ್ತದೆ. ಸೊಟ್ಟಗಾದರೆ ತಿದ್ದುವುದಿಲ್ಲ.

ನಿನ್ನೆ ಸಂಜೆ ವ್ಯಾನ್ ಹೊರಡುವಾಗ ಮಕ್ಕಳ ಗೋಳು ಹೇಳತೀರದು. “ಬರಿಗೈಲಿ ಹೋದ್ರೆ ಅಪ್ಪ ಅಮ್ಮಂದಿರು ಏನಂತಾರೆ?” ಎಂದು ಟೀಚರ್ ಪಟ್ಟು ಹಿಡಿದರು. ಗೂಡು ತೆರೆದು ಕೊಟ್ಟುಬಿಡು ಎಂದು ಮಾಲೀಕರೂ ಕಣ್ಸನ್ನೆ ಮಾಡಿದರು.

“ಬೈತಾರೆ. ನನ್ನ ಹೆಸ್ರು ಹೇಳಿ” ಎಂದ ಊದಕ್ಕ, ಗೂಡಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ನಡೆದರು.

ಈಗ ಬಾಗಿಲು ತೆರೆಯುತ್ತದೆ. ಒಂದು ಲೋಟ ವಾಲಿದೆ, ಇನ್ನೊಂದಕ್ಕೆ ಹೊಟ್ಟೆ ಬಂದಿದೆ. ಊದಕ್ಕ ಒಂದೊಂದನ್ನೇ ಉಗುರಿನಿಂದ ತಟ್ಟಿ, ಕಿವಿಗೊಟ್ಟು, ಬೆಳಕಿಗೆ ಹಿಡಿದು ಟೀಚರ್ ಕೈಗೆ ಕೊಡುತ್ತಾರೆ. ಕೊನೆಯದರ ತಳದಲ್ಲಿ ಕೂದಲೆಳೆಯಂಥ ಬಿರುಕು. ಟೀಚರ್ ಮುಖ ಕಪ್ಪಿಡುತ್ತದೆ.

“ಅಯ್ಯೋ, ಯಾರದಕ್ಕಾ ಇದು?”

“ನಂದೇ. ಮಕ್ಕಳಿಗೆ ತೋರ್ಸೋ ಭರದಲ್ಲಿ ತಳ ದಪ್ಪ ಬಿಟ್ಟೆ, ಅದು ಒಂದೇ ಸಮ ತಣೀಲಿಲ್ಲ.” ಅದನ್ನು ಚೂರುಗಳ ಡಬ್ಬಕ್ಕೆ ಹಾಕಿ ಊದಕ್ಕ ಕೈ ಒರೆಸಿಕೊಳ್ಳುತ್ತಾರೆ. “ಅವರದ್ದೆಲ್ಲಾ ಗಟ್ಟಿಯಾಗಿದೆ, ನನ್ನದೊಂದೇ ಹೋಯ್ತು. ಕಲಿಸೋರಿಗೆ ಇನ್ನೇನು ಬೇಕು ಹೇಳಿ?”