ಅಮ್ಮನ ಮದುವೆಗೆ ನಾನೇ ಫೋಟೋಗ್ರಾಫರ್

ಮದುವೆಯ ಫೋಟೋ ತೆಗೆಯುವುದು ನನ್ನ ಕಸುಬು. ಧಾರೆಯ ಹೊತ್ತಿಗೆ ಪುರೋಹಿತರನ್ನೇ "ಸ್ವಲ್ಪ ಆ ಕಡೆ ಸರೀರಿ" ಎಂದು ಸರಿಸುವಷ್ಟು ಧೈರ್ಯ ನನಗಿದೆ. ಆದರೆ ಹೋದ ಚಳಿಗಾಲ ನೋಂದಣಿ ಕಚೇರಿಯಲ್ಲಿ ನಡೆದ ಒಂದು ಮದುವೆಯಲ್ಲಿ ನನಗೆ ತಲೆ ಎತ್ತಲೇ ಆಗಲಿಲ್ಲ. ಅದು ನನ್ನ ಅಮ್ಮನ ಮದುವೆ.

ಅಪ್ಪ ತೀರಿಕೊಂಡಾಗ ನಾನಿನ್ನೂ ಪಿಯುಸಿಯಲ್ಲಿದ್ದೆ. ಮಂಡಿ ಮೊಹಲ್ಲಾದಲ್ಲಿ ಅಪ್ಪನದೊಂದು ಹಗ್ಗ, ಗೋಣಿಚೀಲದ ಅಂಗಡಿಯಿತ್ತು. ಅಮ್ಮ ಹದಿನೈದು ದಿನಕ್ಕೇ ಹೋಗಿ ಅದರ ಬಾಗಿಲು ತೆಗೆದಳು. ನನ್ನನ್ನು ಓದಿಸಿದಳು, ವಿಜಯನಗರದ ಈ ಮನೆಗೆ ಮದುವೆ ಮಾಡಿ ಕಳಿಸಿದಳು. ನಿಂತು ನಿಂತು ಅವಳ ಮಂಡಿ ಸವೆದಿತ್ತು. ಫಿಸಿಯೋಥೆರಪಿಗೆ ಹೋಗುತ್ತಿದ್ದಳು. ಅಲ್ಲಿ ಪಕ್ಕದ ಮಂಚದಲ್ಲಿ ಮಂಡಿಗೆ ಶಾಖ ಕೊಡಿಸಿಕೊಳ್ಳುತ್ತ ಮಲಗುತ್ತಿದ್ದವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಹೆಂಡತಿಯನ್ನು ಕಳೆದುಕೊಂಡವರು. ಅವರ ಮಾತು ಅಮ್ಮನ ಬಾಯಲ್ಲಿ ಆಗಾಗ ಬರುತ್ತಿತ್ತು. ನಾನು ಹೆಚ್ಚೇನೂ ಯೋಚಿಸಿರಲಿಲ್ಲ.

ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಅಮ್ಮ ಹೇಳಿದಳು: "ನಾನೂ ಮೇಷ್ಟ್ರೂ ರಿಜಿಸ್ಟ್ರು ಮಾಡ್ಸಿಬುಡೋಣ ಅಂತಿದೀವಿ ಕಣೇ."

"ಯಾವ ಸೈಟು?" ಎಂದೆ.

"ಸೈಟಲ್ಲ. ಮದ್ವೆ."

ನನ್ನ ಕೈಯಲ್ಲಿದ್ದ ಕಾಳು ಹಾಗೇ ಉಳಿಯಿತು. ಒಳಗೆ ಅತ್ತೆ ಟಿ.ವಿ. ನೋಡುತ್ತಿದ್ದರು. ಅವರಿಗೆ ಕೇಳಿಸಿತೇನೋ ಎಂಬುದೇ ನನಗೆ ಬಂದ ಮೊದಲ ಯೋಚನೆ. "ಸಂತೋಷ ಅಮ್ಮ" ಅಂದೆ. ಆ ಮಾತು ನನ್ನ ಕಿವಿಗೇ ಒಣಒಣವಾಗಿ ಕೇಳಿಸಿತು.

"ಬೇರೆ ಯಾರೋ ಬಂದು ಫೋಟೋ ತೆಗೆಯೋದು ಬ್ಯಾಡ. ನೀನೇ ತೆಗೆದುಬುಡು" ಎಂದಳು. ಒಪ್ಪಿಕೊಂಡೆ. ಕ್ಯಾಮೆರಾದ ಹಿಂದೆ ನಿಂತರೆ ನನ್ನ ಮುಖ ಯಾರಿಗೂ ಕಾಣುವುದಿಲ್ಲವಲ್ಲ.

ಆ ಬೆಳಿಗ್ಗೆ ಮಂಜು ಇಳಿದಿತ್ತು. ಕಚೇರಿಯ ಮುಂದೆ ಸೈಟು ಕೊಳ್ಳುವವರು, ಮಾರುವವರು, ಪತ್ರ ಬರೆಯುವವರೆಲ್ಲ ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಅಮ್ಮ ಹಸಿರು ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿ, ಕಿವಿ ಮುಚ್ಚುವಂತೆ ಸ್ಕಾರ್ಫ್ ಕಟ್ಟಿಕೊಂಡು ಬಂದಿದ್ದಳು. ಫೋಟೋಗಾದರೂ ಅದನ್ನು ಬಿಚ್ಚು ಎಂದರೆ, "ಶೀತ ಆದ್ರೆ ನೀನ್ ನೋಡ್ಕೋತೀಯಾ?" ಅಂದಳು. ಮೇಷ್ಟ್ರು ಬೂದು ಬಣ್ಣದ ಕೋಟು ತೊಟ್ಟಿದ್ದರು. ಅವರ ಕಡೆಯಿಂದ ಒಬ್ಬ ಹಳೆಯ ಗೆಳೆಯರು, ಅಮ್ಮನ ಕಡೆಯಿಂದ ಪಕ್ಕದ ಅಂಗಡಿಯ ಹೆಂಗಸು ಸಾಕ್ಷಿಗೆ ಬಂದಿದ್ದರು. ಮೂರನೆಯ ಸಾಕ್ಷಿಯಾಗಿ ಬರಬೇಕಾದವನು ಮೇಷ್ಟ್ರ ಮಗ.

ಗುಮಾಸ್ತರು ಫೈಲು ತೆರೆದು ನೇರ ನನ್ನ ಕಡೆ ನೋಡಿದರು. "ಹುಡುಗಿ ನೀವೇನಮ್ಮಾ? ಹುಡುಗ ಎಲ್ಲಿ?"

ಅಮ್ಮ ಕ್ಲಾಸಿನಲ್ಲಿ ಹಾಜರಿ ಹೇಳುವವಳಂತೆ ಕೈ ಎತ್ತಿದಳು. "ನಾನು ಕಣ್ರೀ."

ಹಿಂದಿನ ಬೆಂಚಿನಲ್ಲಿ ಸರದಿಗಾಗಿ ಕೂತಿದ್ದ ಜೋಡಿಯೊಂದರಲ್ಲಿ ಹುಡುಗಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಚಳಿಯಲ್ಲೂ ನನ್ನ ಕಿವಿ ಸುಡತೊಡಗಿತು. ಕ್ಯಾಮೆರಾ ಎತ್ತಿ ಕಿಟಕಿಯ ಸರಳುಗಳ ಫೋಟೋ ತೆಗೆದೆ. ಆಮೇಲೆ ಮೇಜಿನ ಮೇಲಿದ್ದ ಅವರ ಕೈಗಳನ್ನು ತೆಗೆದೆ, ಬೆನ್ನುಗಳನ್ನು ತೆಗೆದೆ. ಅಮ್ಮನ ಮುಖ ಚೌಕಟ್ಟಿನೊಳಗೆ ಬಂದರೆ ಸಾಕು, ನನ್ನ ಬೆರಳು ನಿಂತುಬಿಡುತ್ತಿತ್ತು.

ಮೇಷ್ಟ್ರು ಮತ್ತೆ ಮತ್ತೆ ಮಗನಿಗೆ ಫೋನು ಮಾಡುತ್ತಿದ್ದರು. ಕೊನೆಗೆ ಫೋನನ್ನು ಕೋಟಿನ ಜೇಬಿಗೆ ಇಳಿಸಿ, "ಅವನು ಬರಲ್ಲ ಅನ್ಸುತ್ತೆ" ಎಂದು ಯಾರನ್ನೂ ನೋಡದೆ ಹೇಳಿದರು.

"ಮೂರು ಜನ ಸಾಕ್ಷಿ ಬೇಕೇ ಬೇಕು" ಎಂದ ಅಧಿಕಾರಿ ನನ್ನತ್ತ ತಿರುಗಿದರು. "ಇವ್ರಿದಾರಲ್ಲ, ಇವ್ರೇ ಹಾಕ್ಲಿ ಬಿಡಿ. ನೀವು ಅವ್ರಿಗೆ ಏನಾಗ್ಬೇಕಮ್ಮಾ?"

ಒಂದೇ ಪದದ ಉತ್ತರ. ಬಾಯಿ ತೆರೆದೆ, ಬರಲಿಲ್ಲ. ಇಡೀ ಕೋಣೆ ನನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು. ಅಮ್ಮ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಮಾಮೂಲು ದನಿಯಲ್ಲಿ, "ಫೋಟೋ ತೆಗೆಯೋಕೆ ಬಂದವ್ರು ಸಾರ್" ಎಂದಳು.

ನನ್ನನ್ನು ಉಳಿಸಲೆಂದು ಅವಳು ಹಾಗೆ ಹೇಳಿದ್ದಳು. ನಾನು ಅಷ್ಟು ಹೊತ್ತು ಪಟ್ಟ ನಾಚಿಕೆಯೆಲ್ಲ ಈ ಮಾತಿನ ಮುಂದೆ ಏನೂ ಅಲ್ಲ ಅನ್ನಿಸಿತು. ನೆಲ ಬಿರಿದು ನುಂಗಬಾರದೇ ಎಂದು ಜನ ಹೇಳುತ್ತಾರಲ್ಲ, ಹಾಗೆ. ಕ್ಯಾಮೆರಾವನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟೆ.

"ಮಗಳು ಸಾರ್" ಎಂದೆ.

ಅಧಿಕಾರಿ ಅಮ್ಮನನ್ನೂ ನನ್ನನ್ನೂ ನೋಡಿ ಪೆನ್ನು ಕೊಟ್ಟರು. ನಾನು ಸಹಿ ಹಾಕಿದೆ. ಇವರನ್ನು ನನ್ನ ಪತಿಯಾಗಿ ಸ್ವೀಕರಿಸುತ್ತೇನೆ ಎಂದು ಅಮ್ಮ ಹೇಳಬೇಕಾಗಿತ್ತು. ಮೊದಲ ಸಲ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. "ಸ್ವಲ್ಪ ಜೋರಾಗಿ ತಾಯಿ" ಎಂದರು ಅಧಿಕಾರಿ. ಎರಡನೆಯ ಸಲ ಅಂಗಡಿಯಲ್ಲಿ ಆಳುಗಳನ್ನು ಕೂಗುವ ಗಂಟಲಿನಲ್ಲಿ ಹೇಳಿದಳು. ಗುಮಾಸ್ತರು ಬೆಚ್ಚಿ ತಲೆಯೆತ್ತಿದರು. ಮೇಷ್ಟ್ರು ನಕ್ಕರು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅಮ್ಮ ಕ್ಯಾಮೆರಾ ಕೇಳಿ ಇಸಿದುಕೊಂಡಳು. ಒಂದೊಂದೇ ಫೋಟೋ ನೋಡಿದಳು. ಸರಳು, ಕೈ, ಬೆನ್ನು. "ನಮ್ ಮುಖಾನೇ ಇಲ್ವಲ್ಲೇ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ.

ಅಷ್ಟರಲ್ಲಿ ಒಳಗೆ ನಕ್ಕಿದ್ದ ಆ ಹುಡುಗಿ ಮೆಟ್ಟಿಲಿಳಿದು ಬಂದಳು. "ಅಕ್ಕಾ, ನಾನ್ ತೆಗೀಲಾ? ನೀವೂ ನಿಂತ್ಕೊಳ್ಳಿ" ಎಂದಳು. ಕ್ಯಾಮೆರಾ ಹಿಡಿಯುವುದು ಹೇಗೆಂದು ತೋರಿಸುತ್ತಿದ್ದಾಗ ತಾನಾಗಿಯೇ ಹೇಳಿದಳು: "ಅಮ್ಮ ಕೈ ಎತ್ತಿದ್ರಲ್ಲ, ಎಷ್ಟು ಖುಷಿಯಾಯ್ತು ಗೊತ್ತಾ? ನಮ್ಮನೆಯಿಂದ ಯಾರೂ ಬಂದಿಲ್ಲ ಅಕ್ಕಾ."

ಅವಳು ತೆಗೆದ ಫೋಟೋ ಸ್ವಲ್ಪ ಓರೆಯಾಗಿದೆ. ಸ್ಕಾರ್ಫಿನ ಅಮ್ಮ ಕಣ್ಣು ಮುಚ್ಚಿದ್ದಾಳೆ. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ಗೊತ್ತಾಗುವುದಿಲ್ಲ. ಆಮೇಲೆ ಅವಳ ಸರದಿ ಬಂದಾಗ ನಾವೂ ಒಳಗೆ ಹೋದೆವು. ಅಮ್ಮ ಅವಳ ಪಕ್ಕ ನಿಂತಳು, ನಾನು ಫೋಟೋ ತೆಗೆದೆ.

ಆಟೋದಲ್ಲಿ ಕೇಳಿದೆ: "ಯಾಕಮ್ಮಾ ಹಾಗಂದೆ ಒಳಗೆ?"

"ನಿನ್ ಮುಖ ನೋಡ್ದೆ. ಪಾಪ ಅನ್ನಿಸ್ತು" ಎಂದಳು. ಸ್ಕಾರ್ಫ್ ಸರಿಮಾಡಿಕೊಳ್ಳುತ್ತ, "ನಂಗೂ ನಿನ್ ಮುಂದೆ ನಾಚ್ಕೆಯಾಗ್ತಿತ್ತು ಕಣೇ. ನಿನ್ನ ಬರ್ಬೇಡ ಅನ್ಬೇಕು ಅನ್ಕೊಂಡಿದ್ದೆ. ಮನಸ್ ಬರ್ಲಿಲ್ಲ" ಎಂದಳು. ಪಕ್ಕದಲ್ಲಿ ಮೇಷ್ಟ್ರು ರಸ್ತೆ ನೋಡುತ್ತ, ಏನೂ ಕೇಳಿಸದವರಂತೆ ಕೂತಿದ್ದರು.

ಆ ಸಂಜೆ ಅತ್ತೆಗೆ ಎಲ್ಲ ಹೇಳಿದೆ. ಅವರು ಟಿ.ವಿ. ಆರಿಸಿ, "ಊಟಕ್ಕೆ ಕರಿಬೇಕಲ್ವೇನೇ?" ಎಂದಷ್ಟೇ ಕೇಳಿದರು. ಮುಂದಿನ ಭಾನುವಾರ ಇಬ್ಬರೂ ಬಂದರು. ಮೇಷ್ಟ್ರು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನನ್ನ ಕಡೆ ನೋಡಿದರು. ಅವರನ್ನು ಏನೆಂದು ಕರೆಯಬೇಕೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. "ಬನ್ನಿ, ಒಳಗೆ ಬನ್ನಿ" ಎಂದೆ.