ಕೋವಿ ಒಳಗಿಡಿ ಎಂದ ನರ್ಸಮ್ಮ

ಸೀರೆಯನ್ನು ಮೇಲೆತ್ತಿ ಕಟ್ಟಿ, ಕೆಳಗೆ ಗಂಡಸರ ಕಪ್ಪು ಗಮ್‌ಬೂಟು ಮೆಟ್ಟಿಕೊಂಡು, ತೋಟದ ದಾರಿಯಲ್ಲಿ ದಬದಬನೆ ಬರುತ್ತಿದ್ದವರು ನಮ್ಮ ನೆರೆಮನೆಯ ನರ್ಸಮ್ಮ. ನಗುವವರಿಗೆ, "ಜಿಗಣೆಗೆ ನನ್ನ ರಕ್ತ ಯಾಕೆ ಬಿಟ್ಟಿ ಕೊಡ್ಲಿ?" ಎನ್ನುತ್ತಿದ್ದರು. ಮೂರ್ನಾಡಿನ ಪೇಟೆಯಲ್ಲಿ ಸಿಕ್ಕರೂ ಸರಿ, ಮದುವೆಮನೆಯಲ್ಲಿ ಸಿಕ್ಕರೂ ಸರಿ, ಮೊದಲು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು. "ರಕ್ತವೇ ಇಲ್ವಲ್ಲೇ ನಿಂಗೆ! ಸೊಪ್ಪು ತಿನ್ನು." ನಾಲ್ಕು ಜನರ ಮುಂದೆ! ಅವರು ದೂರದಲ್ಲಿ ಕಂಡರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ಕಾಫಿ ಕುಯ್ಲಿನ ಕಾಲ. ಒಂದು ಬೆಳಿಗ್ಗೆ ಕಣದಲ್ಲಿ ಕಾಫಿ ಹರಡುತ್ತಿದ್ದ ಅಪ್ಪ ಹಾಗೇ ಕುಸಿದುಬಿದ್ದರು. ನನ್ನ ಕಿರುಚಾಟ ಕೇಳಿ ನರ್ಸಮ್ಮ ಬೇಲಿ ದಾಟಿ ಓಡಿಬಂದರು.

"ಗೊರಕೆ ಹೊಡೀತಿದ್ದಾರಲ್ಲ, ಉಸಿರಿದೆ," ಎಂದರು ಅಮ್ಮ.

"ಅದು ಉಸಿರಲ್ಲ ಕಣಮ್ಮ, ಹೃದಯ ನಿಂತಾಗ ಬರೋ ಸದ್ದು. 108ಕ್ಕೆ ಫೋನ್ ಮಾಡಿ ಯಾರಾದ್ರೂ!"

ಹಾಗೆನ್ನುತ್ತಲೇ ಕಾಫಿಬೀಜದ ಮೇಲೆ ಮಂಡಿಯೂರಿ, ಕೈಮೇಲೆ ಕೈಯಿಟ್ಟು ಅಪ್ಪನ ಎದೆಯ ನಡುವೆ ಒತ್ತತೊಡಗಿದರು. ಕಟಕ್ ಎಂದಿತು. ಅಮ್ಮ, "ಅಯ್ಯೋ, ಎಲುಬು ಮುರೀತು!" ಎಂದು ಅವರ ತೋಳು ಹಿಡಿದೆಳೆದರು.

"ಮುರೀಲಿ, ಕೂಡುತ್ತೆ. ಬಿಡಿ ಕೈ!"

ಅಷ್ಟರಲ್ಲಿ ಚಿಕ್ಕಪ್ಪ ಅಳುತ್ತಾ ಒಳಗಿನಿಂದ ಕೋವಿ ತಂದಿದ್ದರು. ನಮ್ಮಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ನರ್ಸಮ್ಮ ತಲೆಯೆತ್ತಲಿಲ್ಲ, ಒತ್ತುವುದನ್ನೂ ನಿಲ್ಲಿಸಲಿಲ್ಲ.

"ಕೋವಿ ಒಳಗಿಡಿ. ನಾನಿನ್ನೂ ಕೈ ತೆಗ್ದಿಲ್ಲ."

ಅವರಿಗೆ ಏದುಸಿರು ಹತ್ತಿತು. "ಬಾರೇ ಇಲ್ಲಿ," ಎಂದು ನನ್ನನ್ನು ಕರೆದರು.

"ನಂಗೆ ಬರಲ್ಲ ನರ್ಸಮ್ಮ."

"ಬರದಿದ್ರೂ ಒತ್ತು. ಮೊಣಕೈ ಮಡಿಸ್ಬೇಡ. ಗಟ್ಟಿಯಾಗಿ, ಬೇಗ ಬೇಗ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳೋಕೆ ಬಿಡು."

ಹೆತ್ತ ತಂದೆಯ ಎದೆಯ ಮೇಲೆ ಮೈಭಾರವನ್ನೆಲ್ಲ ಹಾಕುವುದೆಂದರೆ! ನನ್ನ ಕೈಯಾರೆ ಕೊಲ್ಲುತ್ತಿದ್ದೇನೆ ಎಂದೇ ಅನ್ನಿಸಿತು. ಅಳುತ್ತಲೇ ಒತ್ತಿದೆ. ನನಗೆ ಸುಸ್ತಾದಾಗ ಅವರು, ಅವರಿಗೆ ಸುಸ್ತಾದಾಗ ನಾನು. ಆಂಬುಲೆನ್ಸಿನವರು ಬಂದು ಶಾಕ್ ಕೊಟ್ಟು ಮಡಿಕೇರಿಗೆ ಒಯ್ದರು. ಅಪ್ಪ ಬದುಕಿದರು.

ಮನೆಗೆ ಬಂದ ಮೇಲೆ ಅಪ್ಪನದು ಒಂದೇ ಗೊಣಗಾಟ, ಎಲುಬು ನೋವು ಎಂದು. "ನೋವು ಗೊತ್ತಾಗ್ತಿದೆಯಲ್ಲ, ಬಹಳ ಸಂತೋಷ," ಎನ್ನುತ್ತಿದ್ದರು ನರ್ಸಮ್ಮ.

ಹೋದ ವರ್ಷ ಅವರು ಕಾಯಿಲೆ ಬಿದ್ದು, ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಸಂಸ್ಕಾರಕ್ಕೆ ಮೊದಲು ಬಂಧುಗಳು ಒಬ್ಬೊಬ್ಬರಾಗಿ ಬಾಯಿಗೆ ಕೊನೆಯ ನೀರು ಬಿಡುತ್ತಿದ್ದರು. ಅಪ್ಪ ಮುಂದೆ ಹೋದಾಗ ಹಿರಿಯರೊಬ್ಬರು ತಡೆದು, "ಮನೆಯವ್ರದ್ದು ಮುಗೀಲಿ. ನೀವು ಆಮೇಲೆ," ಎಂದರು.

ಅಪ್ಪ ತಮ್ಮ ಎದೆ ಮುಟ್ಟಿ ಹೇಳಿದರು:

"ನನ್ನ ಬಾಯಿಗೆ ಅವತ್ತೇ ಬೀಳ್ಬೇಕಾಗಿದ್ದ ನೀರನ್ನ ತಡೆದವ್ರು ಇವ್ರು. ನಾನಲ್ದೆ ಇನ್ಯಾರು ಮನೆಯವ್ರು?"

ಹಿರಿಯರು ಪಕ್ಕಕ್ಕೆ ಸರಿದು, ನೀರಿನ ಪಾತ್ರೆಯನ್ನು ಅಪ್ಪನ ಕೈಗೆ ಕೊಟ್ಟರು.